ಗಾಳಿ ಟೈರ್, ಗಟ್ಟಿ ಟೈರ್, ಫೋಮ್ ಟ್ಯೂಬ್: ವೀಲ್‌ಚೇರ್ ಹಿಂಚಕ್ರಕ್ಕೆ ಯಾವುದು ಸರಿ?

ಹಿಂಚಕ್ರಕ್ಕೆ ಯಾವ ಟೈರ್ ಹಾಕಿದ್ದೀರಿ ಎಂಬುದರ ಮೇಲೆ ನಿಮ್ಮ ವೀಲ್‌ಚೇರ್ ಎಲ್ಲಿ, ಹೇಗೆ ಕೈಕೊಡುತ್ತದೆ ಎಂಬುದು ಬಹುಮಟ್ಟಿಗೆ ನಿಂತಿದೆ. ಗಾಳಿ ಟೈರ್ ರಸ್ತೆಯಲ್ಲಿ ಕೈಕೊಡುತ್ತದೆ, ಆದರೆ ಅದರ ರಿಪೇರಿ ಸುಲಭ. ಗಟ್ಟಿ ಟೈರ್ ತಾನು ಕೆಡುವುದು ಅಪರೂಪ, ತನ್ನ ಸುತ್ತಲಿನದನ್ನೆಲ್ಲ ನಿಧಾನಕ್ಕೆ ಕೆಡಿಸುತ್ತದೆ. 24 ಇಂಚಿನ ಕಡ್ಡಿ ಚಕ್ರದ ಮೇಲೆ ಮೂರನ್ನೂ ಓಡಿಸಿ ನೋಡಿದ ಲೆಕ್ಕ ಇದು.

ಮೊದಲು ಗಾಳಿ ಟೈರ್. ಕೊಳ್ಳುವಾಗ 24 x 1 3/8 ಎಂದಷ್ಟೇ ಕೇಳಿದರೆ ಸಾಲದು, ಟೈರಿನ ಪಕ್ಕದಲ್ಲಿ 37-540 (ಟೈರಿನ ಅಗಲ ಮತ್ತು ಅದು ಕೂರುವ ರಿಮ್‌ನ ವ್ಯಾಸ, ಮಿಲಿಮೀಟರ್‌ನಲ್ಲಿ) ಎಂದು ಇದೆಯೇ ನೋಡಿ. ಅದೇ ಇಂಚಿನ ಹೆಸರಿನಲ್ಲಿ 37-547 ಎಂಬ ಸೈಕಲ್ ಟೈರೂ ಸಿಗುತ್ತದೆ. ಏಳು ಮಿಲಿಮೀಟರ್ ವ್ಯತ್ಯಾಸದಿಂದ ಅದು ರಿಮ್ ಮೇಲೆ ಸಡಿಲವಾಗಿ ಕೂರುತ್ತದೆ.

ಗಾಳಿ ಎಷ್ಟು ಬೇಕೆಂಬುದು ಟೈರಿನ ಮೇಲೇ ಬರೆದಿರುತ್ತದೆ. ಈ ಅಳತೆಗೆ ಸಾಮಾನ್ಯವಾಗಿ 65 ರಿಂದ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಪೆಟ್ರೋಲ್ ಬಂಕಿನ ಹುಡುಗರು ಸ್ಕೂಟರ್ ರೂಢಿಯಲ್ಲಿ 30ಕ್ಕೆ ನಿಲ್ಲಿಸಿಬಿಡುತ್ತಾರೆ, ಹಾಗಾಗಿ ಅಂಕಿಯನ್ನು ಬಾಯಿಬಿಟ್ಟು ಹೇಳಿ. ಹೆಬ್ಬೆರಳಲ್ಲಿ ಅದುಮಿ ನೋಡಿದರೆ 40 ಕೂಡ ಗಟ್ಟಿಯಾಗಿಯೇ ಅನ್ನಿಸುತ್ತದೆ. ಮೀಟರ್ ಇರುವ ನೆಲದ ಪಂಪ್ ಒಂದನ್ನು ಮನೆಯಲ್ಲಿಟ್ಟು ವಾರಕ್ಕೊಮ್ಮೆ ನೋಡುವುದೇ ಸರಿ. ಬಂಕಿನಲ್ಲೂ ತುಂಬಿಸಿಕೊಳ್ಳಬೇಕೆಂದರೆ ಹಳೆಯ ಸೈಕಲ್ ವಾಲ್ವ್ ಬೇಡ, ಬೈಕಿಗೆ ಬರುವಂಥ ವಾಲ್ವ್ ಇರುವ ಟ್ಯೂಬ್ ಹಾಕಿಸಿ.

ಗಾಳಿ ಇಳಿದರೆ ತಳ್ಳಲು ಭಾರ, ಅಷ್ಟೇ ಅಂದುಕೊಳ್ಳಬೇಡಿ. ವೀಲ್‌ಚೇರಿನ ಬ್ರೇಕ್ ಹಿಡಿಯುವುದು ಟೈರನ್ನೇ. ಲಿವರ್ ಹಾಕಿದಾಗ ಬ್ರೇಕಿನ ಕಡ್ಡಿ ಟೈರಿನೊಳಗೆ ಸುಮಾರು 3 ಮಿಲಿಮೀಟರ್ ಅದುಮಿರಬೇಕು. ಗಾಳಿ ಕಡಿಮೆಯಾದರೆ ಆ ಹಿಡಿತವೇ ಇರುವುದಿಲ್ಲ. ಮಂಚದಿಂದ ಕುರ್ಚಿಗೆ ಜರುಗುವ ಹೊತ್ತಿಗೆ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಬ್ರೇಕ್ ಜಾರಿದರೆ ಅದನ್ನು ಹೊಂದಿಸಲು ಅಲೆನ್ ಕೀ (ಆರು ಮೂಲೆಯ ಕೀ) ಹಿಡಿಯುವ ಮೊದಲು ಗಾಳಿ ತುಂಬಿ. ಇಳಿದ ಟೈರಿಗೆ ಬ್ರೇಕ್ ಹೊಂದಿಸಿ, ಆಮೇಲೆ ಗಾಳಿ ತುಂಬಿದರೆ ಲಿವರ್ ಹಾಕಲೂ ಆಗುವುದಿಲ್ಲ.

ಪಂಕ್ಚರ್ ಆದರೆ ಟ್ಯೂಬ್ ಏನು ಹೇಳುತ್ತದೆ ನೋಡಿ. ತೂತು ಟೈರಿನ ಕಡೆ ಇದ್ದರೆ ಮುಳ್ಳು, ಗಾಜು ಅಥವಾ ಪಿನ್ನು. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಜಾಲಿ ಮುಳ್ಳಿನ ತುದಿ ಇನ್ನೂ ಕೂತಿರುತ್ತದೆ. ಪಕ್ಕಪಕ್ಕ ಎರಡು ಸೀಳು ಕಂಡರೆ ಕಡಿಮೆ ಗಾಳಿಯಲ್ಲಿ ಫುಟ್‌ಪಾತಿನ ಅಂಚು ಹತ್ತಿಸಿದ ಫಲ. ರಿಮ್ ಕಡೆ ತೂತಾಗಿದ್ದರೆ ಒಳಗಿನ ರಿಮ್ ಟೇಪ್ ಸರಿದು ಕಡ್ಡಿಯ ತುದಿ ಚುಚ್ಚಿದೆ. ಟೇಪ್ ಬದಲಿಸದೆ ಎಷ್ಟು ಪ್ಯಾಚ್ ಹಾಕಿದರೂ ಮತ್ತೆ ಹೋಗುತ್ತದೆ. ಸೊಲ್ಯೂಷನ್ ಹಚ್ಚಿದ ಮೇಲೆ ಅದರ ಹಸಿ ಹೊಳಪು ಹೋಗುವವರೆಗೆ ಕಾಯಬೇಕು. ಅವಸರದಲ್ಲಿ ಅಂಟಿಸಿದ ಪ್ಯಾಚ್ 70 ಪಿಎಸ್‌ಐಗೆ ನಿಲ್ಲುವುದಿಲ್ಲ.

ಸೈಕಲ್ ಸವಾರ ಪಂಕ್ಚರ್ ಆದರೆ ಇಳಿದು ನಡೆಯುತ್ತಾನೆ. ಕುರ್ಚಿಯಲ್ಲಿ ಕೂತವರಿಗೆ ಆ ಅನುಕೂಲವಿಲ್ಲ. ಅದಕ್ಕೇ ಟ್ಯೂಬಿಗೆ ಸೀಲೆಂಟ್ (ತೂತು ಮುಚ್ಚುವ ಅಂಟು ದ್ರವ) ಹಾಕಿಸುವುದು ಲಾಭ: ವಾಲ್ವಿನ ಒಳಪಿನ್ ತೆಗೆದು 60 ರಿಂದ 90 ಮಿಲಿ ತುಂಬಿ, ಗಾಳಿ ಹಾಕಿ ಚಕ್ರ ತಿರುಗಿಸಬೇಕು. ಮುಳ್ಳಿನ ತೂತನ್ನು ಅದು ತಾನೇ ಮುಚ್ಚುತ್ತದೆ, ಸೀಳನ್ನು ಮುಚ್ಚುವುದಿಲ್ಲ. ಕಾಲ ಕಳೆದಂತೆ ಒಣಗುತ್ತದೆ. ಪಂಕ್ಚರ್ ಅಂಗಡಿಯವರಿಗೆ ಮೊದಲೇ ಹೇಳದಿದ್ದರೆ ಆ ಅಂಟು ನೋಡಿ ಬೈಗುಳ ಗ್ಯಾರಂಟಿ. ಗುಂಡಿ ಒತ್ತಿ ಚಕ್ರ ಕಳಚುವ ಕುರ್ಚಿಯಾದರೆ ಗಾಳಿ ತುಂಬಿದ ಇನ್ನೊಂದು ಚಕ್ರವನ್ನೇ ಮನೆಯಲ್ಲಿಡಿ.

ಇನ್ನು ಗಟ್ಟಿ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಟೈರ್. ಆಸ್ಪತ್ರೆ, ಆಫೀಸು, ಟೈಲ್ಸ್ ನೆಲದ ಮನೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಗಾಳಿಯ ಚಿಂತೆಯಿಲ್ಲ, ಬ್ರೇಕ್ ಒಮ್ಮೆ ಹೊಂದಿಸಿದರೆ ಟೈರ್ ಸವೆಯುವವರೆಗೂ ಅಲ್ಲೇ ನಿಲ್ಲುತ್ತದೆ. ಆದರೆ ಡಾಂಬರು ಕಿತ್ತ ರಸ್ತೆಗಿಳಿದರೆ ಪ್ರತಿ ಕಲ್ಲಿನ ಏಟು ಕಡ್ಡಿಗೆ, ಬೇರಿಂಗಿಗೆ, ಕೂತವರ ಬೆನ್ನಿಗೆ ನೇರ ಹೋಗುತ್ತದೆ. ಬೆನ್ನುಹುರಿ ಪೆಟ್ಟಾದವರಲ್ಲಿ ಈ ಕುಲುಕಾಟ ಕಾಲಿನ ಸೆಡೆತವನ್ನು ಎಬ್ಬಿಸಬಹುದು. ಈ ಟೈರ್ ಹಾಕಿದವರು ತಿಂಗಳಿಗೊಮ್ಮೆ ಎರಡೆರಡು ಕಡ್ಡಿಗಳನ್ನು ಜೋಡಿಯಾಗಿ ಹಿಂಡಿ ನೋಡಬೇಕು. ಒಂದು ಜೋಡಿ ಮಾತ್ರ ಮೆತ್ತಗಿದ್ದರೆ ರಿಮ್ ಬೆಂಡಾಗುವ ಮೊದಲೇ ಬಿಗಿ ಮಾಡಿಸಿ. ಒದ್ದೆ ಗ್ರಾನೈಟ್ ಮೇಲೆ ಹಿಡಿತವೂ ಕಡಿಮೆ. ಹಳೆಯದಾಗಿ ಸಡಿಲಗೊಂಡ ಪಿಯು ಟೈರ್ ಓರೆ ಇಳಿಜಾರಿನಲ್ಲಿ ತಿರುಗುವಾಗ ರಿಮ್‌ನಿಂದ ಹೊರಳಿ ಬಂದರೆ, ಬೀದಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಅದನ್ನು ಮತ್ತೆ ಕೂರಿಸುವುದು ಕಷ್ಟ.

ಮೂರನೆಯದು, ಟ್ಯೂಬಿನ ಜಾಗದಲ್ಲಿ ಫೋಮ್ ಸುತ್ತನ್ನು ಹಾಕುವುದು. ಮೇಲಿನ ಟೈರ್ ಅದೇ ಇರುವುದರಿಂದ ಹಿಡಿತ ಚೆನ್ನಾಗಿದೆ, ಪಂಕ್ಚರ್ ಇಲ್ಲ. ಆದರೂ ನಮಗೆ ಇದು ಒಪ್ಪಿಗೆಯಾಗಲಿಲ್ಲ. ಚಕ್ರ ಭಾರವಾಗುತ್ತದೆ, ತಳ್ಳಿ ಕೈಬಿಟ್ಟರೆ ಬೇಗ ನಿಲ್ಲುತ್ತದೆ. ದಿನವಿಡೀ ತಾವೇ ತಳ್ಳಿಕೊಳ್ಳುವವರ ಭುಜಕ್ಕೆ ಅದು ದುಬಾರಿ. ಕೂರಿಸುವುದು ಇಬ್ಬರ ಕೆಲಸ: ಒಂದು ತುದಿಯನ್ನು ಕೇಬಲ್ ಟೈಯಿಂದ ರಿಮ್‌ಗೆ ಕಟ್ಟಿ, ಸೋಪಿನ ನೀರು ಹಚ್ಚುತ್ತಾ ಲಿವರ್‌ನಿಂದ ಸುತ್ತ ಸರಿಸಬೇಕು. ಎಣ್ಣೆ ಮಾತ್ರ ಬೇಡ, ಅದು ಒಣಗದೆ ಟೈರ್ ರಿಮ್ ಮೇಲೆ ಜಾರುತ್ತದೆ. ಬೇರೆಯವರು ತಳ್ಳುವ, ಆಗಾಗ ಮಾತ್ರ ಹೊರಗೆ ಹೋಗುವ ಕುರ್ಚಿಗಾದರೆ ಸರಿ.

ಹೊರಗೆ ಓಡಾಡುವವರು ಹಿಂದೆ ಸೀಲೆಂಟ್ ಹಾಕಿದ ಗಾಳಿ ಟೈರ್, ಮುಂದೆ ಗಟ್ಟಿ ಚಕ್ರ ಇಟ್ಟುಕೊಳ್ಳಿ. ಮುಂಚಕ್ರ ಚಿಕ್ಕದು, ಅದರಲ್ಲೂ ಗಾಳಿ ಇಟ್ಟರೆ ಪಂಕ್ಚರ್ ತಲೆನೋವು ಎರಡರಿಂದ ನಾಲ್ಕಕ್ಕೇರುತ್ತದೆ. ಮುಂಚಕ್ರದ ಶತ್ರು ಕೂದಲು. ಆಕ್ಸಲಿಗೆ ಸುತ್ತಿಕೊಂಡ ಕೂದಲು, ದಾರವನ್ನು ಕತ್ತರಿಸಿ ತೆಗೆಯದಿದ್ದರೆ ಅದು ಬೇರಿಂಗಿನ ಸೀಲ್ ಒಳಗೆ ನುಗ್ಗುತ್ತದೆ. ಹಲವು ಕುರ್ಚಿಗಳಲ್ಲಿ ಅಲ್ಲಿರುವುದು 608 ಎಂಬ ಅಳತೆಯ ಬೇರಿಂಗ್, ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಲೋಹದ ಮುಚ್ಚಳದ ಝಡ್‌ಝಡ್ ಬದಲು ರಬ್ಬರ್ ಸೀಲಿನ 2ಆರ್‌ಎಸ್ ಕೇಳಿ, ಮಳೆಗೆ ಅದೇ ಒಳ್ಳೆಯದು.

ಸೀಟಿನ ಕೆಳಗಿನ ಚೀಲಕ್ಕೆ: ಒಂದು ಟ್ಯೂಬ್, ಪ್ಲಾಸ್ಟಿಕ್ ಟೈರ್ ಲಿವರ್ ಎರಡು, ಕೈಪಂಪ್, 4, 5, 6 ಮಿಲಿಮೀಟರ್ ಅಲೆನ್ ಕೀ, 10 ಮತ್ತು 13ರ ಸ್ಪ್ಯಾನರ್, ನಾಲ್ಕಾರು ಕೇಬಲ್ ಟೈ. ಗಟ್ಟಿ ಟೈರಿನವರು ಟ್ಯೂಬ್, ಪಂಪ್ ಬಿಟ್ಟು ಕಡ್ಡಿ ಬಿಗಿ ಮಾಡುವ ಕೀ ಹಾಕಿಕೊಳ್ಳಿ.