ತಗ್ಗಿಸಿದ ಕಾರು, ಶಿರಾಡಿಯ ತಿರುವು: ಸಸ್ಪೆನ್ಷನ್ ಬದಲಿಸಹೊರಟವರಿಗೆ ಒಂದು ಎಚ್ಚರಿಕೆ

ಕಾರಿನ ಸಸ್ಪೆನ್ಷನ್ನಿನ, ಅಂದರೆ ಚಕ್ರಕ್ಕೂ ಮೈಗೂ ನಡುವಿನ ಜೋಡಣೆಯ, ಸ್ಪ್ರಿಂಗ್ ಬದಲಿಸಿದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ, ಗುಂಡಿಯಲ್ಲಿ ಕುಲುಕಾಟವೂ ತಗ್ಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದ ಗ್ಯಾರೇಜಿನವರನ್ನು ನಂಬಿ ನಾನು 23,000 ರೂಪಾಯಿ ತೆತ್ತು ನನ್ನ ಕಾರನ್ನು ಕೆಡಿಸಿಕೊಂಡೆ. ಆರು ತಿಂಗಳ ನಂತರ ಅದನ್ನು ಮೊದಲಿನ ಸ್ಥಿತಿಗೆ ತರಲು 34,000 ರೂಪಾಯಿ ಖರ್ಚಾಯಿತು. ಹಣದ ಲೆಕ್ಕ ಹಾಗಿರಲಿ, ನಡುವೆ ಒಂದು ದಿನ ಶಿರಾಡಿ ಘಾಟಿಯಲ್ಲಿ ಎದುರಿನಿಂದ ಬರುತ್ತಿದ್ದ ಟ್ಯಾಂಕರಿನ ಹಾದಿಗೇ ಕಾರು ಸರಿದುಹೋಗುವ ಪ್ರಸಂಗ ಬಂತು. ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಕೆಲಸ ಮಾಡುವವರು ಅವರೊಬ್ಬರೇ ಅಲ್ಲವಾದ್ದರಿಂದ, ಹೆಸರಿಗಿಂತ ಆ ಕೆಲಸದ ಗುರುತು ತಿಳಿದಿರುವುದೇ ಓದುವವರಿಗೆ ಹೆಚ್ಚು ಉಪಯೋಗವಾದೀತು.

ನನ್ನದು 2014ರ ಡೀಸೆಲ್ ಸ್ವಿಫ್ಟ್. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಉಪ್ಪಿನಂಗಡಿಯ ಮೇಲೆ ಪುತ್ತೂರಿನ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗಿಬರುತ್ತೇನೆ. 92,000 ಕಿಲೋಮೀಟರ್ ಓಡಿದ ಹೊತ್ತಿಗೆ ಕಾರಿನ ನಡತೆ ಬದಲಾಗಿತ್ತು. ಹಂಪ್ಸ್ ದಾಟಿದ ಮೇಲೆ ದೋಣಿಯಂತೆ ಎರಡು ಮೂರು ಸಲ ಏಳುಬೀಳು, ಸಣ್ಣ ಗುಂಡಿಗೂ ಮುಂದಿನ ಎಡಗಡೆಯಿಂದ ‘ಟಕ್ ಟಕ್’ ಸದ್ದು, ಘಾಟಿಯ ತಿರುವುಗಳಲ್ಲಿ ಹಿಂದೆ ಕುಳಿತವರು ಬಾಗಿಲಿಗೆ ಒರಗುವಷ್ಟು ವಾಲಾಟ. ಇವು ಶಾಕ್ ಅಬ್ಸಾರ್ಬರ್ ಸೋತು, ಸ್ಟ್ರಟ್ಟನ್ನು (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಮುಂದಿನ ಕಂಬ) ಕಾರಿನ ಮೈಗೆ ಜೋಡಿಸುವ ಮೌಂಟಿನ ರಬ್ಬರು ಹರಿದಿರುವುದರ ಲಕ್ಷಣಗಳೆಂದು ಈಗ ಗೊತ್ತು. ಆಗ ನನಗೆ ಕಂಡದ್ದು ‘ಕಂಪನಿಯ ಸಸ್ಪೆನ್ಷನ್ನೇ ಸಪ್ಪೆ’ ಎಂಬುದು ಮಾತ್ರ.

ಗ್ಯಾರೇಜಿನ ಹುಡುಗ ಬಾನೆಟ್ಟನ್ನು ಎರಡು ಸಲ ಒತ್ತಿ ನೋಡಿ, “ಸಾರ್, ಸ್ಟಾಕ್ ಸ್ಪ್ರಿಂಗು ತುಂಬಾ ಸಾಫ್ಟು, ಅದಕ್ಕೇ ವಾಲ್ತಾ ಇದೆ. ಲೋವರಿಂಗ್ ಸ್ಪ್ರಿಂಗ್ ಹಾಕಿ ಹಿಂದೆ ಬಫರ್ ಕೊಟ್ಟುಬಿಡೋಣ, ರೈಲು ಹೋದ ಹಾಗೆ ಹೋಗುತ್ತೆ” ಎಂದ. ಲೋವರಿಂಗ್ ಸ್ಪ್ರಿಂಗ್ ಎಂದರೆ ಕಾರನ್ನು ತಗ್ಗಿಸುವ ಗಿಡ್ಡ, ಗಡಸು ಸ್ಪ್ರಿಂಗು; ಬಫರ್ ಎಂದರೆ ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರು. ಕಾರನ್ನು ಲಿಫ್ಟಿಗೆ ಏರಿಸಲಿಲ್ಲ, ಚಕ್ರ ಬಿಚ್ಚಲಿಲ್ಲ, ಓಡಿಸಿಯೂ ನೋಡಲಿಲ್ಲ. ರೋಗಿಯ ನಾಡಿ ಹಿಡಿಯದೆ ಔಷಧ ಬರೆದಂತಿದ್ದ ಆ ಎರಡು ನಿಮಿಷಗಳಲ್ಲೇ ನಾನು ಎದ್ದು ಬರಬೇಕಿತ್ತು. ಸಂಜೆ ಕಾರು ಕೈಗೆ ಬಂದಾಗ ಹಳೆಯ ಸ್ಪ್ರಿಂಗ್‌ಗಳನ್ನು ಕೇಳಿದೆ. “ಗುಜರಿಗೆ ಹೋಯ್ತು ಸಾರ್” ಎಂಬ ಉತ್ತರ ಬಂತು. ಬಿಚ್ಚಿದ ಭಾಗವನ್ನು ಮಾಲೀಕರಿಗೆ ತೋರಿಸದ ಗ್ಯಾರೇಜು ಎಂಥದೆಂದು ಆಗಲೂ ಹೊಳೆಯಲಿಲ್ಲ.

ಮೊದಲ ವಾರ ಎಲ್ಲವೂ ಚೆನ್ನಾಗಿಯೇ ಇತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ನೆಲಮಂಗಲ ದಾಟಿದ ಮೇಲಿನ ನುಣುಪು ರಸ್ತೆಯಲ್ಲಿ ಸ್ಟಿಯರಿಂಗ್ ಚುರುಕಾಗಿತ್ತು, ಚಕ್ರದ ಮೇಲಿನ ಖಾಲಿ ಜಾಗ ನಾಲ್ಕು ಬೆರಳಿನಿಂದ ಎರಡು ಬೆರಳಿಗೆ ಇಳಿದು ಕಾರು ನೋಡಲೂ ಅಂದವಾಗಿತ್ತು. ಕೆಟ್ಟ ಕೆಲಸವೂ ಒಳ್ಳೆಯ ರಸ್ತೆಯಲ್ಲಿ ಒಳ್ಳೆಯದಾಗಿಯೇ ಕಾಣುತ್ತದೆ. ಬೇನೆ ಶುರುವಾದದ್ದು ಹಂಪ್ಸ್‌ಗಳಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ದುಂಡನೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಗಳಲ್ಲಿರುವುದು ಮನೆ ಕಟ್ಟಿ ಮಿಕ್ಕಿದ ಕಾಂಕ್ರೀಟು ಸುರಿದು ಮಾಡಿದ ದಿಬ್ಬ. ಕಂಪನಿಯ ಲೆಕ್ಕದಲ್ಲಿ ನೆಲದಿಂದ 170 ಮಿಲಿಮೀಟರ್ ಎತ್ತರವಿದ್ದ ಕಾರು ಮುಂದೆ 38 ಮಿಲಿಮೀಟರ್, ಹಿಂದೆ 25 ಮಿಲಿಮೀಟರ್ ಕುಸಿದಿತ್ತು. ನಾಲ್ಕು ಜನ ಕುಳಿತರೆ ಅಡಿಭಾಗ ಉಜ್ಜುವ ಸದ್ದು ಕೇಳಿ ನಮ್ಮಪ್ಪ ಪ್ರತಿ ದಿಬ್ಬಕ್ಕೂ ಕಾಲೆತ್ತಿ ಕೂರುತ್ತಿದ್ದರು.

ಆದರೂ ನೆಲಕ್ಕೆ ತಾಗುವುದು ಇಲ್ಲಿ ಚಿಕ್ಕ ತೊಂದರೆ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ, ರಸ್ತೆಯ ಪೆಟ್ಟನ್ನು ನುಂಗಿ ಮರುಕ್ಷಣವೇ ಹಿಂದಕ್ಕೆ ಕೊಡುತ್ತದೆ; ಹಾಗೆ ಕೊಟ್ಟ ಶಕ್ತಿಯನ್ನು ಸಣ್ಣ ರಂಧ್ರಗಳಲ್ಲಿ ಎಣ್ಣೆ ಹಾಯಿಸಿ ಶಾಖವಾಗಿ ಕರಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಚಕ್ರ ಮೇಲಕ್ಕೆ ಸರಿಯಲು ಇರುವ ಜಾಗ ಮುಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಬಂಪ್ ಸ್ಟಾಪ್ ಎಂಬ ರಬ್ಬರಿನ ತುಂಡು ಅಡ್ಡ ನಿಲ್ಲುತ್ತದೆ. ಈ ಮೂರನ್ನೂ ಒಂದಕ್ಕೊಂದು ಹೊಂದುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ಸಾಮಾನ್ಯ ಪ್ರಯಾಣಿಕ ಕಾರುಗಳ ಸ್ಪ್ರಿಂಗು ಕಾರಿನ ಮೈಯನ್ನು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ತೂಗುವಷ್ಟು ಮೆದುವಾಗಿರುವುದು ಸಪ್ಪೆತನದಿಂದಲ್ಲ. ಮನುಷ್ಯನ ದೇಹಕ್ಕೆ ಸುಖವೆನಿಸುವುದು ಆ ಲಯವೇ. ನನ್ನ ಕಾರಿನಲ್ಲಿ ಸ್ಪ್ರಿಂಗ್ ಗಡಸಾಯಿತು, ಅದನ್ನು ಹಿಡಿದಿಡಬೇಕಾದ ಶಾಕ್ ಅಬ್ಸಾರ್ಬರು ಮೊದಲೇ ಸೋತದ್ದು ಹಾಗೆಯೇ ಉಳಿಯಿತು, ಚಕ್ರ ಮೇಲೇಳುವ ಜಾಗವಂತೂ ಹೆಚ್ಚುಕಡಿಮೆ ಇಲ್ಲವಾಯಿತು. ಗಡಸುತನಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕಳೆದುಹೋದ ಆ ಜಾಗ.

ಅದರ ಪರಿಣಾಮ ಜುಲೈ ತಿಂಗಳ ಮಳೆಯಲ್ಲಿ ಕಂಡಿತು. ದೋಣಿಗಲ್ ದಾಟಿ ಘಾಟಿ ಇಳಿಯುತ್ತಿದ್ದೆ, ವೇಗ ಗಂಟೆಗೆ ನಲವತ್ತರ ಆಸುಪಾಸು. ಬಲಕ್ಕೆ ತಿರುಗುವ ಒಂದು ಇಳಿಜಾರಿನ ತಿರುವಿನಲ್ಲಿ, ಕಾರಿನ ಭಾರವೆಲ್ಲ ಎಡ ಮುಂದಿನ ಚಕ್ರದ ಮೇಲಿದ್ದಾಗ, ಟಾರು ಕಿತ್ತ ಜಾಗದ ಅಂಚಿಗೆ ಅದೇ ಚಕ್ರ ಬಡಿಯಿತು. ‘ಧಡ್’ ಎಂದಿತು. ಬಂಪ್ ಸ್ಟಾಪಿಗೆ ಒತ್ತಿಕೊಂಡ ಕ್ಷಣದಲ್ಲಿ ಆ ಮೂಲೆಯಲ್ಲಿ ಸ್ಪ್ರಿಂಗೇ ಇಲ್ಲದಂತಾಗಿ, ಚಕ್ರ ರಸ್ತೆಯನ್ನು ಅನುಸರಿಸುವುದನ್ನು ಬಿಟ್ಟು ಅದರ ಮೇಲೆ ಪುಟಿಯಿತು. ಸ್ಟಿಯರಿಂಗ್ ತಿರುಗಿಸಿದ್ದರೂ ಕಾರು ನೇರವಾಗಿ ಎಡಗಡೆಯ ಮೋರಿಯತ್ತ ನುಗ್ಗಿತು. ಗಾಬರಿಯಿಂದ ಇನ್ನಷ್ಟು ತಿರುಗಿಸಿದೆ, ಅಷ್ಟರಲ್ಲಿ ಚಕ್ರಕ್ಕೆ ಹಿಡಿತ ಮರಳಿ ಸಿಕ್ಕಿ ಕಾರು ಒಮ್ಮೆಲೇ ಬಲಕ್ಕೆ ಎಗರಿ, ಮಂಗಳೂರಿನ ಕಡೆಯಿಂದ ಏರಿ ಬರುತ್ತಿದ್ದ ಟ್ಯಾಂಕರಿನ ಎದುರಿಗೆ ಹೋಯಿತು. ಟ್ಯಾಂಕರಿನ ಚಾಲಕರು ಬ್ರೇಕ್ ಹಾಕಿ ನಿಲ್ಲಿಸಿದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ. ಅವರು ಕಿಟಕಿಯಿಂದ ತಲೆ ಹಾಕಿ ಬೈದ ಮಾತುಗಳೆಲ್ಲವೂ ನ್ಯಾಯವಾದವೇ.

ಅಲ್ಲಿಂದ ಹಿಂತಿರುಗುವಾಗ ಹಾಸನದ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಕಾರು ನಿಲ್ಲಿಸಿದೆ. ಊರಿನವರು ಅವರನ್ನು ಉಸ್ತಾದ್ ಎಂದೇ ಕರೆಯುವುದು. ಅವರು ಮೊದಲು ನೋಡಿದ್ದು ಸ್ಪ್ರಿಂಗನ್ನಲ್ಲ, ಟೈರನ್ನು. ಮುಂದಿನ ಎರಡೂ ಟೈರುಗಳ ಒಳ ಅಂಚು ಸವೆದು ನೂಲು ಕಾಣುವ ಹಂತಕ್ಕೆ ಬಂದಿತ್ತು; ನಿಂತು ನೋಡಿದರೆ ಕಾಣುವ ಹೊರಗಿನ ಮುಖ ಮಾತ್ರ ಹೊಸದರಂತೆಯೇ ಇತ್ತು. ಕಾರು ತಗ್ಗಿದಾಗ, ಚಕ್ರವನ್ನು ತಿರುಗಿಸುವ ಟೈ ರಾಡ್ ಮತ್ತು ಅದನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮ್‌ಗಳ ಕೋನ ಬದಲಾಗಿ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಕ್ಯಾಂಬರ್ (ಎದುರಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಎರಡೂ ಸರಿದಿರುತ್ತವೆ. ಬಿಲ್ಲಿನಲ್ಲಿ, ಈ ಕೋನಗಳನ್ನು ಸರಿಪಡಿಸುವ ಅಲೈನ್‌ಮೆಂಟ್ ಮಾಡಿದ್ದಕ್ಕೆ ಹಣ ಪಡೆದಿದ್ದರೂ, ಮಾಡುವ ಮುಂಚಿನ ಹಾಗೂ ನಂತರದ ಅಳತೆಗಳ ಚೀಟಿ ನನಗೆ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂದಿನ ಸ್ಟ್ರಟ್ ಬಿಚ್ಚಿದ ಮೇಲೆ ಉಸ್ತಾದರು ನನ್ನನ್ನು ಕರೆದು, “ಬನ್ನಿ ಸಾರ್, ನಿಮ್ಮ ಲೋವರಿಂಗ್ ಸ್ಪ್ರಿಂಗ್ ನೋಡಿ” ಎಂದರು. ಕೆಂಪು ಬಣ್ಣವನ್ನು ಚಾಕುವಿನಿಂದ ಕೆರೆದಾಗ ಒಳಗೆ ಕಂಪನಿಯ ಕಪ್ಪು ಬಣ್ಣವೂ ಅದರ ಮೇಲಿನ ಗುರುತಿನ ಪಟ್ಟಿಯೂ ಇಣುಕಿದವು. ಒಂದು ತುದಿ ಗ್ರೈಂಡರಿನಿಂದ ಕೊಯ್ದು ಮೊಂಡಾಗಿತ್ತು. ಗುಜರಿಗೆ ಹೋಗಿವೆ ಎಂದಿದ್ದ ನನ್ನವೇ ಸ್ಪ್ರಿಂಗ್‌ಗಳು, ಒಂದೊಂದು ಸುತ್ತು ಕಳೆದುಕೊಂಡು, ಬಣ್ಣ ಬಳಿದುಕೊಂಡು ನನಗೇ ಮಾರಾಟವಾಗಿದ್ದವು.

ಸುರುಳಿ ಸ್ಪ್ರಿಂಗಿನ ಗಡಸುತನ ಅದರ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಐದು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದದ್ದು ಕಾಲು ಭಾಗದಷ್ಟು ಹೆಚ್ಚು ಗಡಸಾಗುತ್ತದೆ. ಕತ್ತರಿಸಿದವರು ಅದನ್ನೇ ‘ಸ್ಪೋರ್ಟಿ’ ಎನ್ನುತ್ತಾರೆ. ಕೊಯ್ದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ, ಉದ್ದ ಕಡಿಮೆಯಾದ್ದರಿಂದ ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲಾಗಿ ಪಕ್ಕಕ್ಕೆ ಜರುಗಲೂಬಹುದು. ಗ್ಯಾಸ್ ಕಟ್ಟರಿನಿಂದ ಕೊಯ್ದರೆ ಅಥವಾ ಕಾಯಿಸಿ ಕುಗ್ಗಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ನನ್ನದರಲ್ಲಿ ಅಷ್ಟಾದರೂ ಆಗಿರಲಿಲ್ಲ. ಹಿಂದಿನ ಸ್ಪ್ರಿಂಗ್‌ಗಳ ನಡುವೆ ತುರುಕಿದ್ದ ಬಫರ್‌ಗಳು ಮಾಡಿದ್ದೂ ಬೇರೆ ದಾರಿಯಲ್ಲಿ ಅದೇ ಕೆಲಸವನ್ನು: ಎರಡು ಸುತ್ತುಗಳ ನಡುವೆ ರಬ್ಬರು ತುಂಬಿದರೆ ಅವು ಕೆಲಸ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿ, ಹೊರೆಯೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ನನಗೆ ಹೆಚ್ಚು ಅಚ್ಚರಿಯಾದದ್ದು ಇನ್ನೊಂದು ಸಂಗತಿ. ಸ್ವಿಫ್ಟಿನ ಮುಂಭಾಗದಲ್ಲಿರುವಂಥ, ಮ್ಯಾಕ್‌ಫರ್ಸನ್ ಎಂಬ ಬಗೆಯ ಸ್ಟ್ರಟ್ಟಿನ ಕಾರನ್ನು ಹೆಚ್ಚು ತಗ್ಗಿಸಿದರೆ, ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಕಾರಿನ ಭಾರಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ದೂರ ಹೆಚ್ಚಿದಷ್ಟೂ ವಾಲಿಸುವ ಬಲಕ್ಕೆ ಸನ್ನೆಗೋಲು ಉದ್ದವಾಗುತ್ತದೆ. ವಾಲಾಟ ತಪ್ಪಿಸಲು ಮಾಡಿಸಿದ ಕೆಲಸವೇ ವಾಲಾಟಕ್ಕೆ ಒತ್ತಾಸೆಯಾಗಿತ್ತು.

ಮುಂದಿನ ಸ್ಪ್ರಿಂಗಿಗೂ ಹಿಂದಿನದಕ್ಕೂ ಒಂದು ಹೊಂದಾಣಿಕೆ ಇರಬೇಕೆಂಬುದನ್ನು 1930ರ ದಶಕದಲ್ಲೇ ಜನರಲ್ ಮೋಟರ್ಸ್‌ನ ಇಂಜಿನಿಯರ್ ಮಾರಿಸ್ ಓಲಿ ತೋರಿಸಿಕೊಟ್ಟಿದ್ದರು. ದಿಬ್ಬ ಮೊದಲು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನದಕ್ಕೆ ತಾಗುವುದರಿಂದ, ಹಿಂಭಾಗ ತುಸು ಬೇಗ ತೂಗುವಂತಿದ್ದರೆ ಅದು ಮುಂಭಾಗದ ಲಯವನ್ನು ಹಿಡಿದು, ಮುಗ್ಗರಿಸುವ ಚಲನೆ ಸಮನಾದ ಏಳುಬೀಳಾಗಿ ಬೇಗ ಅಡಗುತ್ತದೆ. ಮುಂದೆ ಕತ್ತರಿ, ಹಿಂದೆ ಕತ್ತರಿಯ ಜೊತೆಗೆ ರಬ್ಬರು ಎಂಬ ನನ್ನ ಕಾರಿನಲ್ಲಿ ಆ ಲೆಕ್ಕವನ್ನು ಯಾರು ನೋಡಿದ್ದರು?

ದುರಸ್ತಿ ಎರಡು ದಿನ ಹಿಡಿಯಿತು. ಕಂಪನಿಯ ನಾಲ್ಕು ಹೊಸ ಸ್ಪ್ರಿಂಗ್‌ಗಳು, ನಾಲ್ಕು ಶಾಕ್ ಅಬ್ಸಾರ್ಬರ್‌ಗಳು, ಸ್ಟ್ರಟ್ ಮೌಂಟು, ಬಂಪ್ ಸ್ಟಾಪು, ಲೋಯರ್ ಆರ್ಮಿನ ಕೀಲಿನಲ್ಲಿರುವ ರಬ್ಬರಿನ ಬುಷ್, ಎರಡು ಟೈರು. ಉಸ್ತಾದರು ಬುಷ್‌ಗಳ ಬೋಲ್ಟನ್ನು ಕಾರು ಮೇಲಿದ್ದಾಗ ಬಿಗಿ ಮಾಡಲಿಲ್ಲ. ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ನಂತರವೇ ಬಿಗಿದರು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ಒಳಗಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ ಎಂದು ಅವರು ಹೇಳಿದಾಗ, ಹಿಂದೆ ಸರ್ವಿಸ್‌ಗೆ ಕೊಟ್ಟಲ್ಲೆಲ್ಲ ಎಷ್ಟು ಜನ ಹೀಗೆ ಮಾಡಿದ್ದಾರೆಂದು ಯೋಚಿಸುವಂತಾಯಿತು. ಕಾರು ಹೊರಗೆ ಬಂದಾಗ ಸದ್ದೂ ಇಲ್ಲ, ತೂಗಾಟವೂ ಇಲ್ಲ. ನಾನು ಮೊದಲ ದಿನ ಬಯಸಿದ್ದ ಹಿಡಿತ ಮತ್ತು ಸುಖ ಎರಡೂ ಕಂಪನಿಯ ಭಾಗಗಳಲ್ಲೇ ಇದ್ದವು, ಅವು ಸವೆದಿದ್ದವು ಅಷ್ಟೇ.

ಸಸ್ಪೆನ್ಷನ್ ಬದಲಿಸಲೇಬಾರದು ಎಂಬುದು ನನ್ನ ವಾದವಲ್ಲ. ನಿಮ್ಮ ಕಾರಿನ ಭಾರಕ್ಕೆ ಲೆಕ್ಕ ಹಾಕಿ, ಸ್ಪ್ರಿಂಗ್ ಹಾಗೂ ಶಾಕ್ ಅಬ್ಸಾರ್ಬರನ್ನು ಒಟ್ಟಿಗೆ ಜೋಡಿಸಿ ಮಾರುವ ಸೆಟ್‌ಗಳು ಇವೆ, ಅವುಗಳ ಬೆಲೆಯೂ ಹಾಗೆಯೇ ಇದೆ. ಆದರೆ ಬರಿ ಸ್ಪ್ರಿಂಗನ್ನಷ್ಟೇ ಬದಲಿಸುತ್ತೇವೆ ಎನ್ನುವವರಲ್ಲಿ, ಶಾಕ್ ಅಬ್ಸಾರ್ಬರ್ ಯಾವುದು, ತಗ್ಗಿದ ಮೇಲೆ ಬಂಪ್ ಸ್ಟಾಪಿಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳಿ. ಮಿಲಿಮೀಟರಿನಲ್ಲಿ ಉತ್ತರ ಬರದಿದ್ದರೆ ಕೀಲಿ ಕೊಡಬೇಡಿ. ಕೆಲಸಕ್ಕೆ ಬಿಡುವ ಮುನ್ನ ಚಕ್ರದ ನಡುವಿನಿಂದ ಮೇಲಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳೆದಿಟ್ಟುಕೊಳ್ಳಿ. ಬಿಚ್ಚಿದ್ದನ್ನೆಲ್ಲ ಮನೆಗೆ ತನ್ನಿ, ಗುಜರಿಗೆ ಹಾಕುವುದನ್ನು ನೀವೇ ಮಾಡಬಹುದು. ಕಾನೂನಿನ ಮಾತೂ ಇದೆ: ತಯಾರಕರು ಕೊಟ್ಟ ವಿವರಗಳಿಗೂ ನೋಂದಣಿ ಪತ್ರಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ, 2019ರ ತಿದ್ದುಪಡಿಯ ನಂತರ, ಕಾಯ್ದೆ ಒಪ್ಪದ ಮಾರ್ಪಾಡಿಗೆ ಮಾಲೀಕರ ಮೇಲೆಯೇ, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ಬರಬಹುದು. ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದ ಕೆಲಸ ಅಪಘಾತದ ಹೊತ್ತಿನಲ್ಲಿ ಕ್ಲೇಮಿಗೆ ಅಡ್ಡ ಬರಬಹುದೆಂಬುದನ್ನು ನಮ್ಮ ಏಜೆಂಟರು ಹೇಳಿದ್ದು, ಎಲ್ಲ ಮುಗಿದ ಮೇಲೆ.

ಕತ್ತರಿಸಿದ ಸ್ಪ್ರಿಂಗ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಆ ಗ್ಯಾರೇಜಿಗೆ ಹೋಗಿದ್ದೆ. ಅವು ತಮ್ಮವಲ್ಲವೆಂದರು. ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದೇ ಎಂದು ವಕೀಲ ಮಿತ್ರರನ್ನು ವಿಚಾರಿಸಿದಾಗ ಅವರು ಬಿಲ್ಲು ತರಲು ಹೇಳಿದರು. ತೆಗೆದು ನೋಡಿದರೆ, ಭಾಗದ ಸಂಖ್ಯೆ, ತಯಾರಕರ ಹೆಸರು, ಎಣಿಕೆ ಯಾವುದೂ ಅದರಲ್ಲಿರಲಿಲ್ಲ; ‘ಸಸ್ಪೆನ್ಷನ್ ವರ್ಕ್ ಮತ್ತು ಅಲೈನ್‌ಮೆಂಟ್’ ಎಂದು ಬರೆದು, ಮುಂದೆ 23,000 ಎಂದು ನಮೂದಿಸಿದ್ದರು.