ಇಂಕಿನ ವ್ಯಂಗ್ಯಚಿತ್ರಕ್ಕೆ ಯಾವುದು: ಅದ್ದಿ ಬರೆಯುವ ನಿಬ್, ಬ್ರಷ್, ಫೈನ್‌ಲೈನರ್?

ಪತ್ರಿಕೆಯ ವ್ಯಂಗ್ಯಚಿತ್ರದ ಗೆರೆ ನೋಡಿ ನಿಮಗೂ ಹಾಗೆ ಬರೆಯುವ ಆಸೆಯಾಗಿದೆ, ಅಲ್ವಾ? ಹಾಗಾದರೆ ಮೊದಲು ಗೆರೆಯ ಗುಣ ನೋಡಿ.

ನಿಬ್‌ನ ತುದಿ ಸೀಳಿರುತ್ತದೆ. ಒತ್ತಿದರೆ ಸೀಳು ಬಿಚ್ಚಿ ಗೆರೆ ದಪ್ಪಗಾಗುತ್ತದೆ, ಕೈ ಸಡಿಲಿಸಿದರೆ ಕೂದಲೆಳೆಯಷ್ಟು ಸಣ್ಣಗಾಗುತ್ತದೆ. ಡೊಳ್ಳುಹೊಟ್ಟೆಯ ಭಾರ, ಮೂಗಿನ ಚೂಪು ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ. ನನಗಂತೂ ಇದೇ ಅತಿ ಚಂದದ ಗೆರೆ. ಬ್ರಷ್‌ನಲ್ಲಿ ಈ ಏರಿಳಿತ ಇನ್ನೂ ಜಾಸ್ತಿ. ಆದರೆ ಕೈ ಪಳಗಲು ತುಂಬ ಕಾಲ ಬೇಕು. ಫೈನ್‌ಲೈನರ್ ಅಂದರೆ ಒಳಗೇ ಇಂಕ್ ತುಂಬಿದ ಸಣ್ಣ ತುದಿಯ ಪೆನ್ನು, ಅದರ ಗೆರೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ.

ಇನ್ನು ನೆರಳು. ಗೆರೆಚಿತ್ರದ ಅಚ್ಚಿನಲ್ಲಿ ಇರುವುದು ಕಪ್ಪು, ಬಿಳಿ ಎರಡೇ. ಬೂದು ಬಣ್ಣ ಕಾಣಿಸಲು ಗೆರೆಯ ಮೇಲೆ ಅಡ್ಡಗೆರೆ ಹೆಣೆಯಬೇಕು. ಇದಕ್ಕೆ ನಿಬ್ ಮತ್ತು ಫೈನ್‌ಲೈನರ್ ಒಳ್ಳೆಯವು. ಚಿತ್ರ ಚಿಕ್ಕದಾಗಿ ಅಚ್ಚಾಗುವುದಾದರೆ ಗೆರೆಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಕಪ್ಪು ಕಲೆಯಾಗುತ್ತದೆ. ದೊಡ್ಡ ಕಪ್ಪು ಜಾಗ ತುಂಬಲು ಬ್ರಷ್ಷೇ ಸರಿ.

ಖರ್ಚು? ನಿಬ್ ಅಗ್ಗ, ಸವೆದರೆ ಬದಲಿಸಿದರಾಯಿತು. ಸೇಬಲ್ ಎಂಬ ಮೃದುವಾದ ಪ್ರಾಣಿಕೂದಲಿನ ಬ್ರಷ್ ದುಬಾರಿ, ತೊಳೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಫೈನ್‌ಲೈನರ್ ಇಂಕ್ ಮುಗಿದರೆ ಸಾಮಾನ್ಯವಾಗಿ ಬಿಸಾಡಬೇಕು.

ಹೊರಗಡೆ ಕೂತು ಬರೆಯುವವರಿಗೆ ಫೈನ್‌ಲೈನರ್ ಸಾಕು. ಮೇಜು, ಪುರುಸೊತ್ತು ಎರಡೂ ಇದ್ದರೆ ನಿಬ್ ಹಿಡಿಯಿರಿ, ಜೊತೆಗೆ ನುಣುಪು ಕಾಗದ ಇರಲಿ. ಒರಟು ಕಾಗದದ ನಾರು ತುದಿಗೆ ಸಿಕ್ಕಿ ಇಂಕ್ ಸಿಡಿಯುತ್ತದೆ.