ಕರೂಸೊ ಕಂಠಕ್ಕೆ ಹೊಸ ಪಕ್ಕವಾದ್ಯ: ‘ಕರೂಸೊ 2000’

ಇಟಲಿಯ ಟೆನರ್ (ಪುರುಷರ ಎತ್ತರದ ಸ್ಥಾಯಿಯ) ಗಾಯಕ ಎನ್ರಿಕೊ ಕರೂಸೊ ತೀರಿಕೊಂಡದ್ದು 1921ರಲ್ಲಿ. ಗ್ರಾಮಫೋನ್ ತಟ್ಟೆಗಳ ಮುದ್ರಣಕ್ಕೆ ಮೈಕ್ರೊಫೋನ್ ಬಳಕೆಗೆ ಬಂದದ್ದು 1925ರಲ್ಲಿ. ಹೀಗಾಗಿ ಅವರ ತಟ್ಟೆಗಳೆಲ್ಲವೂ ದನಿಯನ್ನು ಮುದ್ರಣದ ಸೂಜಿಗೆ ಸಾಗಿಸುವ ಕಹಳೆಯ ಬಾಯಿಗೆ ಹಾಡಿದವೇ ಆಗಿವೆ. ಕಹಳೆ ಅವರ ಕಂಠವನ್ನು ಚೆನ್ನಾಗಿಯೇ ಹಿಡಿಯಿತು. ವಾದ್ಯವೃಂದದ ವಿಷಯದಲ್ಲಿ ಮಾತ್ರ ಸೋತಿತು: ದೊಡ್ಡ ತಂತಿವಾದ್ಯವಾದ ಡಬಲ್ ಬಾಸ್‌ನ ಮಂದ್ರ ಕೇಳಿಸದೆಂದು ಅದರ ಜಾಗದಲ್ಲಿ ಟ್ಯೂಬಾ ಎಂಬ ಹಿತ್ತಾಳೆಯ ವಾದ್ಯ ಊದಿಸುವುದು ಆ ಕಾಲದ ರೂಢಿಯಾಗಿತ್ತು.

ಆರ್‌ಸಿಎ ವಿಕ್ಟರ್ ಹೊರತಂದ ‘ಕರೂಸೊ 2000’ ಎಂಬ ಈ ಸಿ.ಡಿ.ಯಲ್ಲಿ ಹಳೆಯ ವಾದ್ಯಗಳ ಸದ್ದನ್ನು ಆದಷ್ಟು ಅಡಗಿಸಿ, ಗಾಟ್‌ಫ್ರೀಡ್ ರಾಬ್ಲ್ ನಿರ್ದೇಶನದಲ್ಲಿ ವಿಯೆನ್ನಾ ರೇಡಿಯೊ ಸಿಂಫನಿ ಆರ್ಕೆಸ್ಟ್ರಾದ ವಾದನವನ್ನು ಕಂಠಕ್ಕೆ ಕೂಡಿಸಲಾಗಿದೆ. ಇಂಥ ಪ್ರಯತ್ನವನ್ನು ವಿಕ್ಟರ್ ಕಂಪನಿ 1932ರಲ್ಲಿಯೇ ನಥಾನಿಯಲ್ ಶಿಲ್ಕ್ರೆಟ್ ಅವರಿಂದ ಮಾಡಿಸಿತ್ತು.

‘ಪಾಲ್ಯಾಚಿ’ ಎಂಬ ಒಪೆರಾದ (ಗೀತನಾಟಕದ) ‘ವೆಸ್ತಿ ಲಾ ಜುಬ್ಬಾ’ ಹಾಡು ಕೇಳಿದಾಗ ಮೊದಲು ಮನಸ್ಸು ತುಂಬುವುದು ತಂತಿವಾದ್ಯಗಳ ಮಂದ್ರಸ್ಥಾಯಿ. ಆ ಕಂಠ ರಂಗದ ಮೇಲೆ ಯಾವ ನೆಲೆಯ ಮೇಲೆ ನಿಂತು ಏರುತ್ತಿತ್ತು ಎಂಬುದರ ಅಂದಾಜು ಇಲ್ಲಿ ದೊರೆಯುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಎರಡನೆಯ ಸಲ ಕೇಳಿದಾಗ ಕಿವಿ ತಕರಾರು ತೆಗೆಯುತ್ತದೆ: ವಾದ್ಯಗಳು ವಿಶಾಲ ಸಭಾಂಗಣದಲ್ಲಿವೆ, ಗಾಯಕ ಮಾತ್ರ ಇಕ್ಕಟ್ಟಾದ ಕೋಣೆಯಲ್ಲಿದ್ದಾರೆ. ಹಳೆಯ ವಾದ್ಯಗಳ ನೆರಳೂ ಅಲ್ಲಲ್ಲಿ ಕಂಠಕ್ಕೆ ಅಂಟಿಕೊಂಡೇ ಬರುತ್ತದೆ.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ಪಕ್ಕವಾದ್ಯದವರು ಗಾಯಕರನ್ನು ಅನುಸರಿಸುವುದಷ್ಟೇ ಅಲ್ಲ, ಅವರನ್ನು ಕೆಣಕುತ್ತಾರೆ, ತಡೆಯುತ್ತಾರೆ, ಎತ್ತಿಕೊಡುತ್ತಾರೆ. ಕರೂಸೊ ಒಂದು ಸ್ವರವನ್ನು ಎಳೆದು ನಿಲ್ಲಿಸಿದಾಗ ವಿಯೆನ್ನಾದ ವಾದಕರು ಅಚ್ಚುಕಟ್ಟಾಗಿ ಕಾಯುತ್ತಾರೆ, ನಿಜ. ಆದರೆ ಅವರ ಕಾಯುವಿಕೆ ಗಾಯಕರಿಗೆ ತಲುಪುವುದೇ ಇಲ್ಲ. ‘ವೆಸ್ತಿ ಲಾ ಜುಬ್ಬಾ’ದ 1907ರ ತಟ್ಟೆಯಲ್ಲಿ ನುಡಿಸಿದ ಪುಟ್ಟ ತಂಡ ಎಷ್ಟೇ ಒರಟಾಗಿದ್ದರೂ ಅವರೊಡನೆ ಒಂದೇ ಕೋಣೆಯಲ್ಲಿ ಉಸಿರಾಡುತ್ತಿತ್ತು.

1902ರ ಏಪ್ರಿಲ್‌ನಲ್ಲಿ ಮಿಲಾನಿನಲ್ಲಿ ಕರೂಸೊ ಅವರನ್ನು ಮುದ್ರಿಸಿದ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಅದೇ ವರ್ಷ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರನ್ನೂ ಮುದ್ರಿಸಿದರು. ಮೈಸೂರಿನಲ್ಲಿ ಕೊನೆಯುಸಿರೆಳೆದ ಆ ಗಾಯಕಿಯ ತಟ್ಟೆಗಳಿಗೆ ಇಂದು ಯಾರಾದರೂ ಹೊಸ ಸಾರಂಗಿ ಕೂಡಿಸಹೊರಟರೆ ನಾನಂತೂ ಒಪ್ಪಲಾರೆ.

ತಟ್ಟೆಯ ಕರಕರ ಸದ್ದಿಗೆ ಹೆದರಿ ಕರೂಸೊ ಅವರನ್ನು ಕೇಳದೆ ಉಳಿದವರು ಇದನ್ನು ಕೊಳ್ಳಬಹುದು. ಹಳೆಯ ಮುದ್ರಣಗಳು ಈಗಾಗಲೇ ಕೈಯಲ್ಲಿದ್ದವರಿಗೆ ಒಮ್ಮೆ ಎರವಲು ತಂದು ಕೇಳಿದರೆ ಸಾಕು.